ಎದೆಯ ಯಂತ್ರಕ್ಕೊಂದು ಆದೇಶಸಂಧಿ

(ಬಾನುಲಿ ಭಾಷಣ)

"ಅಲ್ಲ ಕಣಯ್ಯ ಅಳಿಯ, ಹಳೇದು ತೆಗ್ಯೋಕೊಂದು ದುಡ್ಡು, ಹೊಸದು ಹಾಕೋಕೊಂದು ದುಡ್ಡಾ? ಇಲ್ಲ, ಎರಡೂ ಸೇರಿ ಒಂದೇ ದುಡ್ಡಾ?"

2024ರ ಮಳೆಗಾಲದಲ್ಲಿ ನನ್ನ ಸೋದರಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕೇಳಿದ ಪ್ರಶ್ನೆ ಇದು. ಮಾವ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ರೇಷ್ಮೆ ಬೆಳೆಗಾರರು. ಹತ್ತು ವರ್ಷದ ಹಿಂದೆ ಅವರ ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದ್ದರು. ಅದರ ಆಯುಸ್ಸು ತೀರುತ್ತ ಬಂದಿದೆ, ಬದಲಾಯಿಸಬೇಕು ಎಂದು ವೈದ್ಯರು ಹೇಳಿದ್ದರಿಂದ ನಾನು ಚನ್ನಪಟ್ಟಣದಿಂದ ಹೊರಟು ಅವರೊಡನೆ ಬೆಂಗಳೂರಿಗೆ ಹೋಗಿದ್ದೆ. ಮಾವನ ಪ್ರಶ್ನೆಗೆ ನಾನು ಆಗ ನಕ್ಕುಬಿಟ್ಟೆ. ಮುಂದೆ ಒಂಬತ್ತು ದಿನ ನಮ್ಮನ್ನು ಅಲೆಸಿದ್ದು ಅದೇ ಪ್ರಶ್ನೆ. ಹಾಗೆ ಅಲೆದುದರ ಫಲವಾಗಿ ನಾನು ತಿಳಿದುಕೊಂಡ ನಾಲ್ಕು ಮಾತುಗಳನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ವಿಷಯ ಲೆಕ್ಕಪತ್ರದ್ದು, ಆದರೆ ಅದರ ತಿರುಳು ವ್ಯಾಕರಣದ್ದು ಎಂದು ನನಗೆ ಕಂಡಿದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನ ಕಣ್ಣಿಗೆ ಎಲ್ಲವೂ ವ್ಯಾಕರಣವಾಗಿಯೇ ಕಾಣುವುದೆಂದು ತಾವು ಮನ್ನಿಸಬಹುದು.

ಮೊದಲು ಯಂತ್ರದ ಪರಿಚಯ. ನಮ್ಮ ಹೃದಯದ ಮೇಲ್ಭಾಗದಲ್ಲಿ ಹುಟ್ಟುವ ಒಂದು ಸಣ್ಣ ವಿದ್ಯುತ್ ಪ್ರೇರಣೆ ಕೆಳಗಿನ ಕೋಣೆಗಳಿಗೆ ಹರಿದು ಬಂದು ಅವುಗಳನ್ನು ಮಿಡಿಸುತ್ತದೆ. ಈ ದಾರಿ ಪೂರ್ತಿ ಮುಚ್ಚಿಹೋದಾಗ ಕೆಳಗಿನ ಕೋಣೆಗಳು ತಮ್ಮಷ್ಟಕ್ಕೆ ತಾವು, ನಿಮಿಷಕ್ಕೆ ಮೂವತ್ತು ನಲವತ್ತು ಬಾರಿ ಮಾತ್ರ, ಬಡಿಯತೊಡಗುತ್ತವೆ. ಮಾವನಿಗೆ ಆದದ್ದು ಇದೇ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ಕಣ್ಣು ಕತ್ತಲೆ ಬಂದು ಬಿದ್ದರು. ಇಂಥವರಿಗೆ ಹೊರಗಿನಿಂದ ಪ್ರೇರಣೆ ಕೊಡುವ ಪುಟ್ಟ ಯಂತ್ರವೇ ಪೇಸ್‌ಮೇಕರ್. ಅದಕ್ಕೆ ಎರಡು ಅಂಗಗಳು. ಒಂದು, ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಕೂರುವ, ಕೈಗಡಿಯಾರದಷ್ಟು ಗಾತ್ರದ ಲೋಹದ ಡಬ್ಬಿ; ಬ್ಯಾಟರಿಯೂ ವಿದ್ಯುನ್ಮಂಡಲವೂ ಅದರೊಳಗಿವೆ. ಇನ್ನೊಂದು, ಆ ಡಬ್ಬಿಯಿಂದ ಹೊರಟು ರಕ್ತನಾಳದ ಮೂಲಕ ಹೃದಯದ ಒಳಗೋಡೆಯನ್ನು ಮುಟ್ಟುವ ತಂತಿ. ಕೆಲವರಿಗೆ ಒಂದು ತಂತಿ, ಕೆಲವರಿಗೆ ಎರಡು, ಇನ್ನು ಕೆಲವರಿಗೆ ಮೂರು.

ನಾವು ಸಾಮಾನ್ಯವಾಗಿ "ಬ್ಯಾಟರಿ ಬದಲಾಯಿಸಬೇಕು" ಎನ್ನುತ್ತೇವೆ. ಟಾರ್ಚಿನ ಸೆಲ್ಲು ತೆಗೆದು ಹಾಕಿದಂತೆ ಅದೊಂದು ಸಣ್ಣ ಕೆಲಸ, ಸಣ್ಣ ಖರ್ಚು ಎಂಬ ಭಾವನೆ ಈ ಮಾತಿನಿಂದ ಹುಟ್ಟುತ್ತದೆ. ವಾಸ್ತವದಲ್ಲಿ ಬ್ಯಾಟರಿಯನ್ನು ಯಾರೂ ಬದಲಾಯಿಸುವುದಿಲ್ಲ. ಒಳಗೆ ತೇವ ಹೋಗಬಾರದೆಂದು ಟೈಟೇನಿಯಂ ಡಬ್ಬಿಯನ್ನು ಬೆಸೆದು ಮುಚ್ಚಿರುತ್ತಾರೆ. ಅದನ್ನು ಬಿಚ್ಚಲು ಬರುವುದಿಲ್ಲ. ಬ್ಯಾಟರಿ ತೀರಿತೆಂದರೆ ಡಬ್ಬಿಯೇ ತೀರಿದಂತೆ. ಹಳೆಯ ಡಬ್ಬಿಯನ್ನು ಇಡಿಯಾಗಿ ತೆಗೆದು ಹೊಸ ಡಬ್ಬಿಯನ್ನು ಇಡಿಯಾಗಿ ಕೊಳ್ಳಬೇಕು. ಉಳಿಯುವುದು ತಂತಿ ಮಾತ್ರ. ಆಡುಮಾತಿನ ಈ ಒಂದು ಸಣ್ಣ ತಪ್ಪಿನಿಂದಲೇ ಎಷ್ಟೋ ಮನೆಗಳ ಲೆಕ್ಕಾಚಾರ ಬುಡಮೇಲಾಗಿದೆ.

ಈ ಬದಲಾವಣೆ ಯಂತ್ರದಷ್ಟೇ ಹಳೆಯದು. ದೇಹದೊಳಗೆ ಪೂರ್ತಿಯಾಗಿ ಹುದುಗಿಸಿದ ಮೊದಲ ಪೇಸ್‌ಮೇಕರನ್ನು 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಇಟ್ಟರು. ಯಂತ್ರ ಮಾಡಿದವರು ರೂನೆ ಎಲ್ಮ್‌ಕ್ವಿಸ್ಟ್, ಶಸ್ತ್ರಕ್ರಿಯೆ ನಡೆಸಿದವರು ಓಕೆ ಸೆನ್ನಿಂಗ್. ಆ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಒಡನೆಯೇ ಎರಡನೆಯದನ್ನು ಇಡಬೇಕಾಯಿತು. ಅಂದರೆ ಜಗತ್ತಿನ ಮೊದಲ ಅಳವಡಿಕೆಯ ಬೆನ್ನಿಗೇ ಮೊದಲ ಬದಲಾವಣೆಯೂ ಬಂತು. ಲಾರ್ಸನ್ 2001ರವರೆಗೆ ಬಾಳಿದರು. ಅಷ್ಟರಲ್ಲಿ ಅವರ ದೇಹ ಒಟ್ಟು 26 ಯಂತ್ರಗಳನ್ನು ಕಂಡಿತ್ತು. ತಮ್ಮನ್ನು ಉಳಿಸಿದ ಶಸ್ತ್ರವೈದ್ಯರಿಗಿಂತಲೂ ಯಂತ್ರಶಿಲ್ಪಿಗಿಂತಲೂ ಹೆಚ್ಚು ಕಾಲ ಅವರು ಬದುಕಿದ್ದರು. ಮೊದಮೊದಲು ಬಳಕೆಯಲ್ಲಿದ್ದ ಪಾದರಸದ ಬ್ಯಾಟರಿಗಳು ಎರಡು ವರ್ಷ ಬಂದರೆ ಹೆಚ್ಚು. 1972ರಿಂದ ಲಿಥಿಯಂ ಬ್ಯಾಟರಿ ಬಳಕೆಗೆ ಬಂತು; ಈಗ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬಾಳಿಕೆ. ಅರುವತ್ತರ ವಯಸ್ಸಿನಲ್ಲಿ ಯಂತ್ರ ಪಡೆದು ತುಂಬು ಆಯುಸ್ಸು ಬಾಳುವವರು ಒಮ್ಮೆಯೋ ಎರಡು ಬಾರಿಯೋ ಈ ಬದಲಾವಣೆಯನ್ನು ಎದುರಿಸಲೇಬೇಕು.

ಈಗ ವ್ಯಾಕರಣಕ್ಕೆ ಬರೋಣ. ಮಾವನ ಪ್ರಶ್ನೆಗೆ ಉತ್ತರ ಅಲ್ಲಿದೆ.

ಕನ್ನಡ ಸಂಧಿಗಳು ಮೂರು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ, ಅದು ಲೋಪ. 'ಮನೆ'ಯೂ 'ಅನ್ನು'ವೂ ಸೇರಿ 'ಮನೆಯನ್ನು' ಆಗುವಾಗ ಇಲ್ಲದಿದ್ದ ಯಕಾರ ಬಂದು ಕೂರುತ್ತದೆ, ಅದು ಆಗಮ. 'ಮಳೆ', 'ಕಾಲ' ಸೇರಿ 'ಮಳೆಗಾಲ' ಆಗುವಾಗ ಇದ್ದ ಕಕಾರವನ್ನು ಎಬ್ಬಿಸಿ ಅದೇ ಸ್ಥಾನದಲ್ಲಿ ಗಕಾರ ಕೂರುತ್ತದೆ, ಅದು ಆದೇಶ. ಆಗಮವು ಮಿತ್ರನ ಹಾಗೆ ಬಂದು ಪಕ್ಕದಲ್ಲಿ ಕೂರುತ್ತದೆ, ಆದೇಶವು ಶತ್ರುವಿನ ಹಾಗೆ ಬಂದು ಇದ್ದವನ ಪೀಠವನ್ನೇ ಕಸಿಯುತ್ತದೆ ಎಂದು ಹಿಂದಿನ ವೈಯಾಕರಣರು ಹೇಳುವುದುಂಟು.

ಪೇಸ್‌ಮೇಕರನ್ನು ಮೊದಲ ಸಲ ಕೂರಿಸುವುದು ಆಗಮ. ರಕ್ತನಾಳವನ್ನು ಚುಚ್ಚಿ, ಎಕ್ಸ್‌ರೇ ಪರದೆಯನ್ನು ನೋಡುತ್ತ ತಂತಿಯನ್ನು ಹೃದಯದವರೆಗೆ ಇಳಿಸಿ, ಚರ್ಮದಡಿ ಚೀಲದಂಥ ಜಾಗ ಮಾಡಿ ಡಬ್ಬಿಯನ್ನು ಇಡಬೇಕು. ಸೋಂಕು ತಗುಲಿತೆಂದು ಯಂತ್ರವನ್ನು ತೆಗೆದುಬಿಡುವುದು ಲೋಪ. ಆಯುಸ್ಸು ತೀರಿದ ಡಬ್ಬಿಯ ಜಾಗಕ್ಕೆ ಹೊಸ ಡಬ್ಬಿಯನ್ನು ತರುವುದು ಆದೇಶ. ಇಲ್ಲಿ ಹಳೆಯ ಗಾಯದ ಗುರುತಿನ ಬಳಿ ಕೊಯ್ದು, ಡಬ್ಬಿಯನ್ನು ಹೊರತೆಗೆದು, ತಂತಿಯ ತಿರುಪು ಸಡಿಲಿಸಿ, ತಂತಿ ಇನ್ನೂ ಚೆನ್ನಾಗಿದೆಯೇ ಎಂದು ಅಳೆದು ನೋಡಿ, ಹೊಸ ಡಬ್ಬಿಗೆ ಅದನ್ನು ಸಿಕ್ಕಿಸಿ ಹೊಲಿಯುತ್ತಾರೆ. ಹೃದಯದವರೆಗೆ ಹೋಗುವ ಪ್ರಮೇಯವಿಲ್ಲದ್ದರಿಂದ ಕೆಲಸ ಚಿಕ್ಕದು. ಆದರೂ ಹಗುರವಲ್ಲ. ಒಮ್ಮೆ ವಾಸಿಯಾದ ಜಾಗವನ್ನು ಮತ್ತೆ ತೆರೆಯುವುದರಿಂದ ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಸ್ವಂತ ಮಿಡಿತವೇ ಇಲ್ಲದ ರೋಗಿಯಾದರೆ ಹಳೆಯದನ್ನು ಕಳಚಿ ಹೊಸದನ್ನು ಸಿಕ್ಕಿಸುವ ನಡುವಣ ಕ್ಷಣಗಳನ್ನೂ ಕಾಯಬೇಕು.

ಮೂರು ಬೇರೆ ಬೇರೆ ಕೆಲಸ ಎಂದ ಮೇಲೆ ಮೂರಕ್ಕೂ ಬೇರೆ ಬೇರೆ ಹೆಸರು ಬೇಕು. ಹಣ ಕೊಡುವವರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಂತಿರುವುದಿಲ್ಲ. ಎಲ್ಲೋ ಕುಳಿತು ಕಾಗದ ನೋಡುತ್ತಾರೆ. ಆ ಕಾಗದದ ಮೇಲಿನ ಹೆಸರು ದೇಶಕ್ಕೊಂದು, ಆಸ್ಪತ್ರೆಗೊಂದು, ವೈದ್ಯರಿಗೊಂದು ಆಗದಿರಲೆಂದು ಸಂಕೇತಾಂಕಗಳನ್ನು, ಜನರ ಬಾಯಲ್ಲಿ ಹೇಳುವುದಾದರೆ 'ಕೋಡ್'ಗಳನ್ನು, ಏರ್ಪಡಿಸಿದ್ದಾರೆ. ಮಾವನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಅವರು ಜೀವಮಾನವಿಡೀ ಹೋದವರು. ಅಲ್ಲಿ ರೈತ ಸುರಿದ ಗೂಡಿನ ರಾಶಿಗೆ ಒಂದು ಲಾಟಿನ ನಂಬರು ಬೀಳುತ್ತದೆ. ಆಮೇಲೆ ಹರಾಜು, ತೂಕ, ಹಣ, ಎಲ್ಲವೂ ಆ ನಂಬರಿನ ಬೆನ್ನಿಗೆ. ನಂಬರು ತಪ್ಪಿದರೆ ಒಳ್ಳೆಯ ಗೂಡಿಗೆ ಜೊಳ್ಳಿನ ಬೆಲೆ. "ಓ, ಲಾಟ್ ನಂಬರ್ರಾ!" ಎಂದರು ಮಾವ. ಅದೇ.

ಆಸ್ಪತ್ರೆಯ ಕಾಗದದಲ್ಲಿ ಮುಖ್ಯವಾಗಿ ಎರಡು ಬಗೆಯ ಸಂಕೇತಗಳು. ಒಂದು, ಏನಾಗಿದೆ ಎಂದು ಹೇಳುವುದು. ಇನ್ನೊಂದು, ಏನು ಮಾಡಿದೆವು ಎಂದು ಹೇಳುವುದು. ಮೊದಲನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವುಂಟು. ಅದರ ಮೂಲ 1893ರಲ್ಲಿ ಬೆರ್ಟಿಯೋಂ ಎಂಬ ಫ್ರೆಂಚ್ ಅಂಕಿಅಂಶ ತಜ್ಞ ಸಿದ್ಧಪಡಿಸಿದ ಮರಣಕಾರಣಗಳ ಪಟ್ಟಿ; 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡಿತು. ಅದರ ಹತ್ತನೆಯ ಪರಿಷ್ಕರಣದಲ್ಲಿ ಮಾವನ ಮೂಲ ರೋಗ, ಹೃದಯದ ವಿದ್ಯುತ್ ಮಾರ್ಗ ಪೂರ್ತಿ ಮುಚ್ಚಿದ್ದು, ಐ 44.2. ಎದೆಯಲ್ಲಿ ಯಂತ್ರವಿದೆ ಎಂಬಷ್ಟೇ ಸಂಗತಿಗೆ ಜ಼ೆಡ್ 95.0. ಯಂತ್ರದ ಸರಿಪಡಿಸುವಿಕೆಗೂ ನಿರ್ವಹಣೆಗೂ ಬಂದಿದ್ದಾರೆ ಎಂಬುದಕ್ಕೆ ಜ಼ೆಡ್ 45.0. ಯಂತ್ರವೇ ಕೆಟ್ಟು ತೊಂದರೆಯಾಗಿದೆ ಎಂಬುದಕ್ಕೆ ಟಿ 82.1. ಒಬ್ಬನೇ ಮನುಷ್ಯ, ಒಂದೇ ಎದೆ. ಆದರೆ ಈ ನಾಲ್ಕು ಸಂಕೇತಗಳು ನಾಲ್ಕು ಬೇರೆ ಕಥೆಗಳನ್ನು ಹೇಳುತ್ತವೆ. ಆಯುಸ್ಸು ತುಂಬಿ ನಿಂತ ಯಂತ್ರಕ್ಕೂ ಅಕಾಲದಲ್ಲಿ ಕೆಟ್ಟ ಯಂತ್ರಕ್ಕೂ ಇರುವ ಭೇದ ಇಲ್ಲಿ ಅಡಗಿದೆ. ಅದರ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಎರಡನೆಯ ಬಗೆಯ ಸಂಕೇತಗಳನ್ನು ಅತಿ ಸೂಕ್ಷ್ಮವಾಗಿ ಬೆಳೆಸಿದ ದೇಶ ಅಮೆರಿಕ. ಅಲ್ಲಿನ ವೈದ್ಯಕೀಯ ಸಂಘ 1966ರಲ್ಲಿ ಮೊದಲು ಪ್ರಕಟಿಸಿದ ಕಾರ್ಯಸಂಕೇತಗಳ ಪುಸ್ತಕ ಇಂದಿಗೂ ವರ್ಷ ವರ್ಷ ಪರಿಷ್ಕಾರವಾಗುತ್ತಿದೆ. ಅದರಲ್ಲಿ ಹಳೆಯ ಡಬ್ಬಿಯನ್ನು ತೆಗೆಯುವುದಕ್ಕೆ 33233 ಎಂಬ ಅಂಕವಿದೆ. 2012ಕ್ಕೆ ಮುಂಚೆ ಡಬ್ಬಿ ಬದಲಾಯಿಸಿದ ವೈದ್ಯರು ಈ ಅಂಕವನ್ನೂ ಹೊಸದನ್ನು ಇಟ್ಟದ್ದರ ಅಂಕವನ್ನೂ ಎರಡಾಗಿ ಬರೆಯುತ್ತಿದ್ದರು. ಮಾವ ಶಂಕಿಸಿದಂತೆ ತೆಗೆಯಲೊಂದು ದುಡ್ಡು, ಹಾಕಲೊಂದು ದುಡ್ಡು. 2012ರ ಜನವರಿಯಿಂದ ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಿದರು: ಒಂದು ತಂತಿಯ ವ್ಯವಸ್ಥೆಯಾದರೆ 33227, ಎರಡು ತಂತಿಯದಾದರೆ 33228, ಅದಕ್ಕೂ ಹೆಚ್ಚಿನದಾದರೆ 33229. ಹೃದಯಕ್ಕೆ ಆಘಾತ ಕೊಟ್ಟು ಗತಿ ತಿದ್ದುವ ಡೀಫಿಬ್ರಿಲೇಟರ್ ಎಂಬ ದೊಡ್ಡ ಯಂತ್ರಕ್ಕೂ ಇದೇ ಕ್ರಮದಲ್ಲಿ 33262ರಿಂದ 33264ರವರೆಗೆ ಮೂರು ಅಂಕಗಳು. ಅಂದರೆ ಲೋಪ, ಆಗಮ ಎಂದು ಎರಡು ಸೂತ್ರ ಹೇಳುತ್ತಿದ್ದವರು ಆದೇಶವೆಂಬ ಮೂರನೆಯ ಸೂತ್ರವನ್ನು ಒಪ್ಪಿಕೊಂಡರು. ಆದರೆ ಒಂದು ನಿಬಂಧನೆ. ಡಬ್ಬಿಯ ಜೊತೆಗೆ ತಂತಿಯನ್ನೂ ಹೊಸದಾಗಿ ಇಳಿಸಿದರೆ ಅದು ಆದೇಶವಲ್ಲ. ಮತ್ತೆ ಹಳೆಯದರ ಲೋಪ, ಹೊಸ ವ್ಯವಸ್ಥೆಯ ಆಗಮ ಎಂದು ಎರಡಾಗಿಯೇ ಬರೆಯಬೇಕು.

ಸ್ವಾರಸ್ಯ ಇಷ್ಟಕ್ಕೆ ಮುಗಿಯುವುದಿಲ್ಲ. ಅದೇ ಅಮೆರಿಕದಲ್ಲಿ ಒಳರೋಗಿಗಳಿಗಾಗಿ ಆಸ್ಪತ್ರೆಗಳು ಬಳಸುವ ಇನ್ನೊಂದು ಪಟ್ಟಿಯುಂಟು. 2015ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಇದರಲ್ಲಿ ಪ್ರತಿಯೊಂದು ಸಂಕೇತಕ್ಕೂ ಏಳು ಅಕ್ಷರಗಳು. 'ಬದಲಿ' ಎಂಬ ಮಾತನ್ನು ಈ ಪಟ್ಟಿ ದೇಹದ ಅಂಗಕ್ಕೆ ಬದಲಾಗಿ ಬೇರೊಂದನ್ನು ಇಡುವ ಅರ್ಥದಲ್ಲಿ ಮಾತ್ರ ಬಳಸುತ್ತದೆ. ಪೇಸ್‌ಮೇಕರ್ ದೇಹದ ಅಂಗವಲ್ಲವಷ್ಟೆ. ಆದ್ದರಿಂದ ಹಳೆಯದನ್ನು ತೆಗೆದದ್ದಕ್ಕೆ ಒಂದು ಸಂಕೇತ, ಹೊಸದನ್ನು ಇಟ್ಟದ್ದಕ್ಕೆ ಇನ್ನೊಂದು. ಒಂದೇ ದಿನ, ಒಂದೇ ಮೇಜಿನ ಮೇಲೆ, ಒಂದೇ ಗಾಯದ ಮೂಲಕ ನಡೆದ ಕೆಲಸ ವೈದ್ಯರ ಬಿಲ್ಲಿನಲ್ಲಿ ಒಂದು, ಆಸ್ಪತ್ರೆಯ ಬಿಲ್ಲಿನಲ್ಲಿ ಎರಡು! ಮಾವನ ಪ್ರಶ್ನೆಗೆ ಅಮೆರಿಕ ಕೊಡುವ ಉತ್ತರ: "ಯಾರ ಕಾಗದ ಎಂಬುದರ ಮೇಲೆ ಹೋಗುತ್ತದೆ."

ಈಚೆಗೆ ತಂತಿಯೇ ಇಲ್ಲದೆ ಹೃದಯದೊಳಗೇ ಕೂರುವ ಪುಟ್ಟ ಪೇಸ್‌ಮೇಕರ್‌ಗಳೂ ಬಂದಿವೆ. 2016ರಲ್ಲಿ ಅಮೆರಿಕದಲ್ಲಿ ಇವಕ್ಕೆ ಅನುಮತಿ ದೊರೆಯಿತು. ಇವುಗಳ ಆಯುಸ್ಸು ತೀರಿದಾಗ ಹಳೆಯದನ್ನು ಆರಿಸಿ ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಇಡುವುದೂ ಉಂಟು. ಬದಲಾವಣೆ ಎನ್ನುತ್ತೇವೆ, ಆದರೆ ಹಳಬ ಎದ್ದು ಹೋಗಲೇ ಇಲ್ಲ. ಮಿತ್ರನಂತೆ ಪಕ್ಕದಲ್ಲಿ ಬಂದು ಕೂತ ಶುದ್ಧ ಆಗಮ ಅದು. ಶಸ್ತ್ರವೈದ್ಯ ಹೊಸ ದಾರಿ ಹಿಡಿದಾಗಲೆಲ್ಲ ವೈಯಾಕರಣ ಹಿಂದೆ ಓಡಬೇಕಾಗುತ್ತದೆ.

ಅಮೆರಿಕದ ಮಾತು ಸಾಕು; ನಮ್ಮ ಮಾಗಡಿ, ಕನಕಪುರಕ್ಕೆ ಬರೋಣ. ಇಲ್ಲಿ ಬಡವನ ಪಾಲಿಗೆ ಬಿಲ್ಲು ಬರೆಯುವ ಪದ್ಧತಿ ಬೇರೆ. 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ ಎಂಬ ಯೋಜನೆ ಆರಂಭವಾಗಿ, ಅದೇ ವರ್ಷದ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುವಂತೆ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಏರ್ಪಾಡಾಯಿತು. ಒಟ್ಟು 1,650 ಚಿಕಿತ್ಸೆಗಳನ್ನು ಪಟ್ಟಿ ಮಾಡಿ ಅವುಗಳನ್ನು ವರ್ಗಗಳಾಗಿ ವಿಂಗಡಿಸಿದರು: 2ಎ ಎಂದರೆ ದ್ವಿತೀಯ ಹಂತದ ಕ್ಲಿಷ್ಟ ಚಿಕಿತ್ಸೆ, 3ಎ ಎಂದರೆ ತೃತೀಯ ಹಂತದ್ದು, 4ಎ ಎಂದರೆ ತುರ್ತಿನದು. 3ಎ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. 4ಎ ಆದರೆ ಬೇಡ, ಜೀವ ಮೊದಲು. ರಾಷ್ಟ್ರೀಯ ಪಟ್ಟಿಯಲ್ಲಿ ಹೃದ್ರೋಗದ ಪ್ಯಾಕೇಜುಗಳ ಸಂಕೇತ ಎಂಸಿ ಎಂಬ ಅಕ್ಷರಗಳಿಂದಲೂ, ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯವು ಎಸ್‌ವಿ ಎಂಬ ಅಕ್ಷರಗಳಿಂದಲೂ ಆರಂಭವಾಗುತ್ತವೆ.

ಪ್ಯಾಕೇಜ್ ಎಂಬುದು ಬುತ್ತಿಯ ಗಂಟು ಇದ್ದಂತೆ. ಅಮೆರಿಕದಲ್ಲಿ ಬಿಡಿಬಿಡಿಯಾಗಿ ಬರೆಯುವುದನ್ನು ಇಲ್ಲಿ ಹಾಸಿಗೆ, ಔಷಧ, ಪರೀಕ್ಷೆ, ಶಸ್ತ್ರಕ್ರಿಯೆ ಎಲ್ಲ ಸೇರಿಸಿ ಒಂದು ಹೆಸರು, ಒಂದು ದರ ಎಂದು ಕಟ್ಟಿಡುತ್ತಾರೆ. ಆದ್ದರಿಂದ ಮಾವನ ಪ್ರಶ್ನೆಗೆ ನಮ್ಮ ಪದ್ಧತಿಯ ಉತ್ತರ 'ಒಂದೇ ದುಡ್ಡು' ಎಂದು. ಆದರೆ ಯಾವ ಗಂಟು ಎಂಬುದನ್ನು ಚಿಕಿತ್ಸೆಗೆ ಮೊದಲೇ ಸರಿಯಾಗಿ ಹೆಸರಿಸಿ ಟ್ರಸ್ಟಿನ ಪೂರ್ವಾನುಮತಿ ಪಡೆಯಬೇಕು. ಆಸ್ಪತ್ರೆಯಲ್ಲಿ ಇದಕ್ಕೆ ನೆರವಾಗಲು 'ಆರೋಗ್ಯಮಿತ್ರ' ಎಂಬವರು ಕುಳಿತಿರುತ್ತಾರೆ. ಕಾಗದವನ್ನು ಪರಿಶೀಲಿಸುವವರೂ ವೈದ್ಯರೇ.

ಮಾವನ ವಿಷಯದಲ್ಲಿ ಎಡವಿದ್ದು ಇಲ್ಲಿ. ನಾವು ಹೋದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಕಾಗದ ತುಂಬಿದವರು "ಪೇಸ್‌ಮೇಕರ್ ಅಳವಡಿಕೆ, ಎರಡು ಕೋಣೆಯದು" ಎಂದು ಬರೆದುಬಿಟ್ಟರು. ಆದೇಶವನ್ನು ಆಗಮ ಎಂದರು. ಮೇಲಾಗಿ ಒಂದು ತಂತಿಯವರನ್ನು ಎರಡು ತಂತಿಯವರನ್ನಾಗಿ ಮಾಡಿದರು. ದುರುದ್ದೇಶವೇನೂ ಇರಲಿಲ್ಲ, ಅಂದು ಬೆಳಿಗ್ಗೆಯಿಂದ ಬಂದ ನಾಲ್ಕು ಕಾಗದಗಳಲ್ಲಿ ಬರೆದದ್ದನ್ನೇ ಐದನೆಯದರಲ್ಲೂ ಬರೆದಿದ್ದರು. ಆದರೆ ಜೊತೆಗೆ ಲಗತ್ತಿಸಿದ ಇಸಿಜಿಯಲ್ಲಿ ಯಂತ್ರದ ಪ್ರತಿ ಮಿಡಿತಕ್ಕೂ ನೆಟ್ಟ ಗೂಟದಂಥ ಗೆರೆ ಸ್ಪಷ್ಟವಾಗಿತ್ತು. ಪರಿಶೀಲಕರು ಕೇಳಿದರು: ಈಗಾಗಲೇ ಯಂತ್ರವಿರುವವರಿಗೆ ಹೊಸ ಅಳವಡಿಕೆ ಏಕೆ? ಹಳೆಯ ಯಂತ್ರ ಯಾವುದು, ಯಾವಾಗ ಇಟ್ಟದ್ದು, ಎಷ್ಟು ತಂತಿ? ಅವರು ಕೇಳಿದ್ದು ನ್ಯಾಯವೇ. ಇಡದ ತಂತಿಗೆ ಸಾರ್ವಜನಿಕರ ಹಣ ಹೋಗಬಾರದು. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಕೆಟ್ಟದ್ದು. ತಂತಿಯೂ ಕೆಟ್ಟಿರುವಾಗ ಬರೀ ಡಬ್ಬಿಯ ಬದಲಾವಣೆ ಎಂದು ಬರೆದರೆ ತಂತಿಯ ಬೆಲೆಗೆ ಯಾರ ಜೇಬು ಎಂಬ ಪ್ರಶ್ನೆ ಶಸ್ತ್ರಕ್ರಿಯೆಯ ನಡುವೆ ಏಳುತ್ತದೆ. ಆಗ ಕಣ್ಣು ತಿರುಗುವುದು ಹೊರಗೆ ಬೆಂಚಿನ ಮೇಲೆ ಕುಳಿತವರ ಕಡೆಗೆ.

ಕಾಗದ ಹಿಂದಕ್ಕೆ ಬಂತು. ಹಳೆಯ ಯಂತ್ರದ ವಿವರ ಎಲ್ಲಿ? ಪೇಸ್‌ಮೇಕರ್ ಇಟ್ಟ ದಿನ ರೋಗಿಯ ಕೈಗೆ ಒಂದು ಗುರುತಿನ ಚೀಟಿ ಕೊಡುತ್ತಾರೆ. ತಯಾರಕರು, ಮಾದರಿ, ಕ್ರಮಸಂಖ್ಯೆ, ಇಟ್ಟ ದಿನಾಂಕ, ತಂತಿಯ ವಿವರ ಅದರಲ್ಲಿರುತ್ತವೆ. ಮೂರು ನಾಲ್ಕು ಅಕ್ಷರದ ಇನ್ನೊಂದು ಸಂಕೇತವೂ ಸಾಮಾನ್ಯವಾಗಿ ಇರುತ್ತದೆ. 1974ರಲ್ಲಿ ಮೂರು ಅಕ್ಷರದ್ದಾಗಿ ಹುಟ್ಟಿ, ಮುಂದೆ ಐದಕ್ಕೆ ಬೆಳೆದು, 2002ರಲ್ಲಿ ಪರಿಷ್ಕೃತವಾದ ಸಂಕೇತ ಇದು. ಮೊದಲ ಅಕ್ಷರ ಯಂತ್ರ ಹೃದಯದ ಯಾವ ಕೋಣೆಯನ್ನು ಮಿಡಿಸುತ್ತದೆ ಎಂದು ಹೇಳುತ್ತದೆ, ಎರಡನೆಯದು ಯಾವ ಕೋಣೆಯ ಮಿಡಿತವನ್ನು ಆಲಿಸುತ್ತದೆ ಎಂದು, ಮೂರನೆಯದು ಆಲಿಸಿ ಏನು ಮಾಡುತ್ತದೆ ಎಂದು. ಮಾವನದು ವಿವಿಐ: ಕೆಳಗಿನ ಕೋಣೆಯನ್ನು ಮಿಡಿಸು, ಕೆಳಗಿನ ಕೋಣೆಯನ್ನೇ ಆಲಿಸು, ಹೃದಯ ತಾನೇ ಮಿಡಿದರೆ ನೀನು ಸುಮ್ಮನಿರು. ಸುಮ್ಮನಿರುವುದನ್ನೂ ಒಂದು ಅಕ್ಷರದಲ್ಲಿ ವಿಧಿಸಿದ ಈ ಸೂತ್ರವನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಆದರೆ ಮಾವನ ಚೀಟಿ ಸಿಕ್ಕಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆ ಹುಡುಕಲು ಹೋದರೆ ಅಲ್ಲಿ ಇನ್ನೊಂದು ತೊಡಕು. 2014ರಲ್ಲಿ ಅವರಿಗೆ ಯಂತ್ರ ಇಟ್ಟಾಗ ಇದ್ದದ್ದು ವಾಜಪೇಯಿ ಆರೋಗ್ಯಶ್ರೀ ಯೋಜನೆ. ಆ ಹೆಸರು ಹೋಗಿ ಬೇರೆ ಹೆಸರು ಬಂದಿದೆ. ಪಡಿತರ ಚೀಟಿಯ ಸಂಖ್ಯೆ ಬೇರೆಯಾಗಿದೆ. ಮಾವನ ಹೆಸರಿನ ಕಾಗುಣಿತವೂ ಆಧಾರಿನಲ್ಲಿ ಒಂದು, ಹಳೆಯ ಕಡತದಲ್ಲಿ ಒಂದು. ನಮ್ಮ ಸೀಮೆಗೇ ಆದೇಶಸಂಧಿಯ ಚಾಳಿ ಇದೆಯೋ ಏನೋ. ಶಂಸೇರಾಬಾದ್ ಎಂದಿದ್ದ ಊರು ಕ್ಲೋಸ್‌ಪೇಟೆಯಾಯಿತು, ಕ್ಲೋಸ್‌ಪೇಟೆ ರಾಮನಗರವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 1986ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು, 2007ರಿಂದ ರಾಮನಗರ ಜಿಲ್ಲೆಯಾದವು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದವು. ಬೆಟ್ಟ ಅದೇ, ಹೊಲ ಅದೇ, ಅದರಲ್ಲಿ ಗೇಯುವವನೂ ಅವನೇ. ಆದರೆ ಹಳೆಯ ಹೆಸರಿಗೂ ಹೊಸ ಹೆಸರಿಗೂ ಕೊಂಡಿಯಾಗುವ ಒಂದು ಕಾಗದ ಕೈಯಲ್ಲಿಲ್ಲದಿದ್ದರೆ ಅವನು ತಾನೇ ಅವನೆಂದು ಸಾಧಿಸುವುದು ಕಷ್ಟ.

ಇದೇ ಮಾತು ಎದೆಯೊಳಗೂ ಸತ್ಯ. ಹಳೆಯ ತಂತಿಯ ತುದಿ ಹೊಸ ಡಬ್ಬಿಯ ಕಂಡಿಗೆ ಹೊಂದಬೇಕು. ಇದಕ್ಕಾಗಿ ತಯಾರಕರೆಲ್ಲ ಒಪ್ಪಿದ ಐಎಸ್-1 ಎಂಬ ಅಳತೆಯೊಂದಿದೆ; ಅದಕ್ಕಿಂತ ಹಳೆಯ ತಂತಿಗಳಿಗೆ ಬೇರೆ ಜೋಡಣೆ ಬೇಕು. ಚೀಟಿ ಕಳೆದಿದ್ದರೆ ಎಕ್ಸ್‌ರೇಯಲ್ಲಿ ಕಾಣುವ ಡಬ್ಬಿಯ ಆಕಾರ, ಗುರುತುಗಳಿಂದ ತಯಾರಕರನ್ನು ಊಹಿಸಿ, ಅವರ ತಪಾಸಣಾ ಉಪಕರಣ ತಂದು ಯಂತ್ರದಿಂದಲೇ ವಿವರ ಓದಿಸಬೇಕು. ಅದೂ ಆಗುವ ಕೆಲಸವೇ, ಆದರೆ ದಿನ ಹಿಡಿಯುತ್ತದೆ.

ದಿನ ಕಳೆಯುವುದು ಇಲ್ಲಿ ಸಣ್ಣ ಮಾತಲ್ಲ. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಯಂತ್ರವೇ 'ಬದಲಾಯಿಸುವ ಕಾಲ ಬಂತು' ಎಂಬ ಸೂಚನೆ ಕೊಡುತ್ತದೆ. ಆ ಸೂಚನೆಯಿಂದ ಪೂರ್ತಿ ತೀರುವವರೆಗೆ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶವನ್ನು ತಯಾರಕರು ಇಟ್ಟಿರುತ್ತಾರೆ. ಆದರೆ ಮಾವ ತಪಾಸಣೆಗೆ ಹೋಗಿದ್ದೇ ಎರಡು ವರ್ಷದ ಮೇಲೆ. ಸೂಚನೆ ಎಂದು ಬಂದಿತ್ತೋ, ಉಳಿದದ್ದು ಎಷ್ಟೋ! ಆ ಒಂಬತ್ತು ದಿನ ನನ್ನ ಅತ್ತೆ ರಾತ್ರಿ ಎದ್ದೆದ್ದು ಮಾವನ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದರಂತೆ. ಕನಕಪುರಕ್ಕೆ ಕೊಟ್ಟ ಮಗಳು ಬಂದು ಮನೆಯಲ್ಲಿಯೇ ನಿಂತಳು.

ಕೊನೆಗೆ ಚೀಟಿ ಸಿಕ್ಕಿದ್ದು ಅವಳ ಕೈಗೇ. ಅಟ್ಟದ ಟ್ರಂಕಿನಲ್ಲಿ, ಪಹಣಿ ಮತ್ತು ಕಂದಾಯದ ರಸೀದಿಗಳ ನಡುವೆ, ಪ್ಲಾಸ್ಟಿಕ್ ಲಕೋಟೆಯಲ್ಲಿ ಮಾವನೇ ಜೋಪಾನವಾಗಿಟ್ಟು ಮರೆತಿದ್ದರು. "ಭೂಮಿ ಕಾಗದದ ಜತೆಗಿಟ್ರೆ ಕಳ್ಯಕಿಲ್ಲ ಅಂತ ಇಟ್ಟಿದ್ದೆ ಕಣಮ್ಮ" ಎಂದರು. ಚೀಟಿಯ ನಕಲಿನೊಡನೆ ಸರಿಯಾದ ಹೆಸರಿನಲ್ಲಿ ಕಾಗದ ಮತ್ತೆ ಹೋಯಿತು. ಅನುಮತಿ ಮರುದಿನವೇ ಬಂತು. ಶಸ್ತ್ರಕ್ರಿಯೆ ಒಂದು ಗಂಟೆಯ ಒಳಗೆ ಮುಗಿಯಿತು. ಮಾವ ಈಗ ಮತ್ತೆ ಸೊಪ್ಪು ಕೊಯ್ಯುತ್ತಾರೆ, ಬೇಡವೆಂದರೂ ಕೇಳುವುದಿಲ್ಲ.

ಮುಂದೆ ಹೇಳುತ್ತೇನೆಂದ ಮಾತೊಂದು ಉಳಿದಿದೆ. ಯಂತ್ರ ಆಯುಸ್ಸು ತುಂಬಿ ನಿಂತಿತೋ, ಅಕಾಲದಲ್ಲಿ ಕೆಟ್ಟಿತೋ ಎಂಬ ಭೇದ. ಪೇಸ್‌ಮೇಕರ್‌ಗೂ ತಯಾರಕರ ಖಾತರಿಯಿರುತ್ತದೆ. ಅವಧಿಗೆ ಮುನ್ನವೇ ಕೆಟ್ಟರೆ ಅದರ ನಿಬಂಧನೆಗಳಂತೆ ಬದಲಿ ಯಂತ್ರವನ್ನೋ ಬೆಲೆಯಲ್ಲಿ ರಿಯಾಯಿತಿಯನ್ನೋ ಕೇಳಬಹುದು. ಅಮೆರಿಕದ ಸರ್ಕಾರಿ ವಿಮೆಯಲ್ಲಿ ಇದಕ್ಕೂ ಸಂಕೇತಗಳಿವೆ: ಅವಧಿಗೆ ಮುಂಚೆ ಬದಲಾಯಿಸಿದ್ದಕ್ಕೆ 49, ತಯಾರಕರೇ ದೋಷವೆಂದು ಹಿಂದಕ್ಕೆ ಕರೆಸಿದ್ದಕ್ಕೆ 50. ತಯಾರಕರು ಬಿಟ್ಟುಕೊಟ್ಟ ಹಣವನ್ನು ಆಸ್ಪತ್ರೆ ಪ್ರತ್ಯೇಕವಾಗಿ ತೋರಿಸಬೇಕು. ಪುಕ್ಕಟೆ ಬಂದ ಯಂತ್ರಕ್ಕೆ ಸರ್ಕಾರದಿಂದ ಪೂರ್ತಿ ಬೆಲೆ ಪಡೆಯುವಂತಿಲ್ಲ. ನಮ್ಮಲ್ಲಿ ದೇಹದೊಳಗಿಟ್ಟ ಉಪಕರಣಗಳ ದೋಷಗಳನ್ನು ವರದಿ ಮಾಡಲು 2015ರ ಜುಲೈಯಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ. 2018ರಿಂದ ವೈದ್ಯಕೀಯ ಉಪಕರಣಗಳಿಗೆ ಪ್ರತ್ಯೇಕ ನಿಯಮಾವಳಿಯೂ ಜಾರಿಯಲ್ಲಿದೆ. ಆದರೆ ನಾಲ್ಕು ವರ್ಷಕ್ಕೇ ನಿಂತ ಯಂತ್ರವನ್ನು 'ಬ್ಯಾಟರಿ ಬದಲಾವಣೆ' ಎಂದು ಬರೆದು ಮುಗಿಸಿಬಿಟ್ಟರೆ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಮಾದರಿಯ ಯಂತ್ರ ಹೊತ್ತ ಬೇರೆಯವರಿಗೆ ಎಚ್ಚರಿಕೆಯೂ ಮುಟ್ಟುವುದಿಲ್ಲ. ಒಬ್ಬನ ಕಾಗದದ ಸರಿಯಾದ ಒಂದು ಪದ, ಅವನು ಎಂದೂ ಕಾಣದ ಇನ್ನೊಬ್ಬನ ಪ್ರಾಣಕ್ಕೆ ಸಂಬಂಧಿಸಿದ್ದು.

ಆದ್ದರಿಂದ ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಇಷ್ಟು ಮಾಡಿ. ಗುರುತಿನ ಚೀಟಿಯನ್ನು ಜೇಬಿನಲ್ಲಿಡಿ, ನಕಲನ್ನು ಮನೆಯಲ್ಲಿಡಿ, ಮೊಬೈಲಿನಲ್ಲೊಂದು ಚಿತ್ರ ತೆಗೆದಿಡಿ. ವೈದ್ಯರು ಹೇಳಿದ ಅವಧಿಗೆ ತಪಾಸಣೆಗೆ ಹೋಗಿ. ಬದಲಾವಣೆಯ ಕಾಲ ಬಂದಾಗ "ಡಬ್ಬಿ ಮಾತ್ರವೇ, ತಂತಿಯೂ ಸೇರಿ ಏನು? ಕಾಗದದಲ್ಲಿ ಏನೆಂದು ಬರೆದಿದ್ದೀರಿ?" ಎಂದು ಕೇಳಿ, ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಶಸ್ತ್ರಕ್ರಿಯೆಯ ಮೇಲೆ ಹೊಸ ಯಂತ್ರದ ಚೀಟಿಯನ್ನು ಪಡೆಯದೆ ಮನೆಗೆ ಬರಬೇಡಿ.

ಇನ್ನೊಂದು ಮಾತನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ, ದಹನ ಮಾಡುವ ಪದ್ಧತಿಯ ಮನೆಯಾದರೆ ಯಂತ್ರವನ್ನು ಮೊದಲು ತೆಗೆಸಬೇಕು. ಬೆಂಕಿಯ ಕಾವಿಗೆ ಅದು ಸಿಡಿಯುತ್ತದೆ. ದುಃಖದ ಗಡಿಬಿಡಿಯಲ್ಲಿ ಇದು ನೆನಪಾಗುವುದಿಲ್ಲ, ಆದಕಾರಣ ಮೊದಲೇ ಮಕ್ಕಳಿಗೆ ತಿಳಿಸಿಟ್ಟಿರುವುದು ಒಳ್ಳೆಯದು. ಇದನ್ನು ಮಾವನ ಎದುರು ಹೇಗೆ ಹೇಳುವುದೆಂದು ನಾನು ಅಳುಕುತ್ತಿದ್ದೆ. ಅವರೇ ಕೇಳಿ ತಿಳಿದುಕೊಂಡಿದ್ದರು. "ಅದನ್ನೂ ಆ ಚೀಟಿ ಹಿಂದೆ ಬರೆದಿಡು ಅಳಿಯ" ಎಂದರು. ಬರೆದಿಟ್ಟಿದ್ದೇನೆ. ಹೊಸ ಚೀಟಿ ಈಗ ಟ್ರಂಕಿನಲ್ಲಿಲ್ಲ. ಮಾವನ ಅಂಗಿಯ ಒಳಜೇಬಿನಲ್ಲಿ, ಯಂತ್ರ ಮಿಡಿಯುವ ಕಡೆಗೇ ಇದೆ.